ಹೂವಮ್ಮನ ಕೋಳಿ ಇಟ್ಟ ಮೊಟ್ಟೆ

ಸಂತೆಗೆ ಹೊರಟಿದ್ದ ಹೂವಮ್ಮನ ಕಂಕುಳಿನಿಂದ ಜಾರಿದ ಕೋಳಿ ಗುಮಾಸ್ತ ಕೆರಿಯಪ್ಪನ ಮೇಜಿನ ಮೇಲೇ ಮೊಟ್ಟೆ ಇಟ್ಟಿತು. ಮಗಳ ಮದುವೆಗೆ ರೇಷನ್ ಸಕ್ಕರೆಯ ಪರ್ಮಿಟ್ಟು ಕೋರಿ ಮೊದಲೇ ಕೊಟ್ಟಿದ್ದ ಅರ್ಜಿ ಏನಾಯಿತೆಂದು ಕೇಳಲು ದಾರಿಯಲ್ಲಿ ಕಚೇರಿಗೆ ಬಂದಿದ್ದ ಅವಳು, "ನೀವೇ ಇಟ್ಕಳಿ ಅಯ್ಯಾ" ಎಂದು ನಕ್ಕಳು.

ಯಾರಿಂದಲೂ ಒಂದು ಎಲೆ‌ಅಡಿಕೆ ಮುಟ್ಟದ ಕೆರಿಯಪ್ಪ ಮೊಟ್ಟೆ ಎತ್ತಿಕೊಂಡ. ಬೆಚ್ಚಗಿತ್ತು. ಇದೇನು ಲಂಚವೇ, ಕೋಳಿಗೇನು ಗೊತ್ತು ಪರ್ಮಿಟ್ಟಿನ ವಿಷಯ, ಎಂದುಕೊಂಡ. ಅಷ್ಟರಲ್ಲಿ ಅವನ ಇನ್ನೊಂದು ಕೈ ಅರ್ಜಿಗಳ ಕಟ್ಟಿನ ನಡುವಿನಿಂದ ಹೂವಮ್ಮನ ಅರ್ಜಿಯನ್ನು ಎಳೆದು ಎಲ್ಲಕ್ಕಿಂತ ಮೇಲೆ ಇಟ್ಟುಬಿಟ್ಟಿತ್ತು! ಆ ಕೈಗೆ ಹೇಳಿದವರು ಯಾರು? ಕೆರಿಯಪ್ಪ ಗಾಬರಿಯಿಂದ ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಮೊಟ್ಟೆಯನ್ನು ಅವಳ ಕೈಗೇ ಕೊಟ್ಟು, ಅರ್ಜಿಯನ್ನು ಕಟ್ಟಿನ ತೀರಾ ಅಡಿಗೆ ತುರುಕಿದ. ಮನಸ್ಸಿಗೆ ಹಿತವಾಯಿತು.

"ಅಯ್ಯಯ್ಯೋ, ನಡುವೆ ಇದ್ದಿದ್ದು ಅಡಿಗೆ ಹೋಯ್ತಲ್ಲ! ಮೊಟ್ಟೆ ಇಟ್ಟಿದ್ದು ಕೋಳಿ, ಶಿಕ್ಷೆ ನಂಗಾ?" ಎಂದಳು ಹೂವಮ್ಮ.

ಕೆರಿಯಪ್ಪ ನಕ್ಕುಬಿಟ್ಟ. ಅರ್ಜಿಯನ್ನು ಮೊದಲಿದ್ದ ಜಾಗಕ್ಕೇ ಸೇರಿಸುತ್ತಾ ಹೇಳಿದ: "ಕೂತ್ಕೋ ತಾಯಿ, ನಿನ್ನ ಸರದಿ ಬರ್ತದೆ."