ಕೆಂಪು ಟೇಪಿನ ಪೆನ್ನು

ಪೆನ್ನು ಯಾರದು ಎಂಬ ಘನಗಂಭೀರ ವ್ಯಾಜ್ಯ ಆಸ್ಪತ್ರೆಯ ವಾರ್ಡಿನಲ್ಲೂ ಇತ್ಯರ್ಥವಾಗಿರಲಿಲ್ಲ. ಟೈಫಾಯ್ಡಿನಲ್ಲಿ ಮಲಗಿದ್ದ ಅಕ್ಕ ಪದಬಂಧದಿಂದ ತಲೆ ಎತ್ತದೆ, "ತಿಂಗಳಿಂದ ನನ್ನ ಹತ್ರ ಇದೆ, ನಂದೇ. ನಿನ್ನ ಬ್ಯಾಕ್ಟೀರಿಯಾ ಹೇಗೆ ಒಳಗೆ ನುಗ್ಗುತ್ತೆ, ಅದನ್ನಾದ್ರೂ ಹೇಳು ಪಂಡಿತ," ಅಂದಳು.

ಪ್ರಯೋಗಾಲಯದಲ್ಲಿ ಅದನ್ನೇ ಬೆಳೆಸುವ ತಮ್ಮನಿಗೆ ಹುರುಪು ಬಂತು. "ನುಗ್ಗಲ್ಲ ಅಕ್ಕ. ಕರುಳಿನ ಜೀವಕೋಶಕ್ಕೆ ಏನೋ ಚುಚ್ಚಿ ಮರುಳು ಮಾಡುತ್ತೆ. ಕೋಶವೇ ಅಪ್ಪಿಕೊಂಡು ಒಳಗೆ ಎಳ್ಕೊಳ್ಳುತ್ತೆ. ಆಮೇಲೆ ಅಲ್ಲೇ ಸಂಸಾರ ಹೂಡಿ ಮನೇನೇ ಕೆಡವುತ್ತೆ."

"ಅಂದ್ರೆ ಎರಡು ದಿನಕ್ಕೆ ಅಂತ ಬಂದು ನಮ್ಮನೇಲಿ ನೀನು ಉಳ್ಕೊಂಡ ಹಾಗೆ," ಎಂದು ನಕ್ಕ ಅಕ್ಕ, ಮುಂದಿನ ಪದ ಹೊಳೆಯದೆ ಪೆನ್ನಿನ ತುದಿ ಕಚ್ಚಿದಳು.

ಮುಷ್ಟಿಯಲ್ಲಿ ಮುಚ್ಚಿಹೋಗಿದ್ದ ಕೆಂಪು ಟೇಪು ಅವನಿಗೆ ಕಂಡಿದ್ದು ಆಗಲೇ. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳ ಮೇಲೆ ಬರೆಯುವ ಪೆನ್ನು ಪ್ರಯೋಗಾಲಯದ ಹೊಸ್ತಿಲು ದಾಟದಿರಲೆಂದು ಅವನೇ ಸುತ್ತಿದ ಗುರುತು ಅದು. ತಿಂಗಳ ಹಿಂದೆ ಒಂದು ಸಂಜೆ ಅದನ್ನು ಕಿವಿಗೆ ಸಿಕ್ಕಿಸಿಕೊಂಡೇ ಮನೆಗೆ ಬಂದಿದ್ದ.

ಕೈ ಚಾಚಿ ಪೆನ್ನು ಕಿತ್ತುಕೊಂಡ. "ಇದು ನಂದೇ ಅಕ್ಕ," ಎಂದ.

"ಅಯ್ಯೋ, ಒಂದು ಪೆನ್ನಿಗೆ ಅಳ್ತೀಯೇನೋ? ಇಟ್ಕೋ."

ಮೂರನೇ ದಿನ ಅಕ್ಕನ ಕರುಳು ತೂತಾಯಿತು. ಅವಳು ಉಳಿಯಲಿಲ್ಲ.