ಹುಲಿಯಾನ ಕಿವಿ

ಮಂಚದ ಕೆಳಗಿನಿಂದ ನಾಯಿ ಹುಲಿಯಾ ಹೊರಗೆ ಬರಲೊಲ್ಲದು. ಅದನ್ನು ಎಳೆದು ತೆಗೆಯಬೇಕಾದ ಅಂಬರೀಷ ಅದೇ ಮಂಚದ ಮೇಲೆ ಕುಳಿತಿದ್ದ. ಬಾಗಿಲಲ್ಲಿ ಆಟೋ ನಿಂತಿತ್ತು. ದನದ ದವಾಖಾನೆಯಲ್ಲಿ ಡಾಕ್ಟರು ಕಾಯುತ್ತಿದ್ದರು. ಬೈರಿದೇವರಕೊಪ್ಪದ ಆ ಮನೆಯಲ್ಲಿ ಗಂಡುಜೀವ ಇದ್ದದ್ದು ಎರಡೇ, ಎರಡೂ ಹೊಸ್ತಿಲು ದಾಟಲೊಲ್ಲವು.

“ಎಬ್ಬಿಸ್ಲೇನ್ರಿ?” ಅಡುಗೆಮನೆಯಿಂದ ಹೆಂಡತಿ ದ್ರಾಕ್ಷಾಯಿಣಿ ಕೇಳಿದಳು.

“ಅವಸರ ಮಾಡಬ್ಯಾಡ. ಅಂವಾ ಮನಸ್ಸು ತಯಾರ ಮಾಡ್ಕೋಬೇಕು.”

ಇಷ್ಟೆಲ್ಲ ಶುರುವಾದದ್ದು ಅಂಬರೀಷನ ಸ್ವಂತ ಜಾಣತನದಿಂದ. ಎರಡನೇ ಹೆರಿಗೆಯಲ್ಲಿ ದ್ರಾಕ್ಷಾಯಿಣಿ ಬದುಕಿ ಬಂದದ್ದೇ ಹೆಚ್ಚು. ಮೂರನೆಯದು ಬೇಡವೇ ಬೇಡ, ಇವಳ ಮೈಗೆ ಮತ್ತೆ ಕತ್ತರಿ ತಾಗುವುದೂ ಬೇಡ ಎಂದು ಅಬೀದಾ ಡಾಕ್ಟರು ಖಡಾಖಂಡಿತ ಹೇಳಿದ್ದರು. “ಮಕ್ಕಳಾಗದಂಗ ನೀವ ಮಾಡಿಸ್ಕೋರಿ. ಸಣ್ಣ ಆಪರೇಶನ್ನು, ಸಂಜೀಕ ನಡಕೋತ ಮನಿಗೆ ಹೋಗ್ತೀರಿ.” ಅಂಬರೀಷ ದೊಡ್ಡದಾಗಿ ತಲೆಯಾಡಿಸಿ ಮನೆಗೆ ಬಂದ. ಬಂದವನಿಗೆ ಜ್ವರ ಬಂತು.

ಸಣ್ಣವನಿದ್ದಾಗ ಊರಲ್ಲಿ ಹೋರಿಗಳನ್ನು ಕೆಡವಿ, ಕಾಲು ಕಟ್ಟಿ, ಬೀಜ ಒಡೆಯುವುದನ್ನು ಅವನು ನೋಡಿದ್ದ. ಇದು ಅದಲ್ಲ ಎಂದು ಅವನಿಗೆ ಗೊತ್ತಿತ್ತು. ಆಗಷ್ಟೇ ಕಂಪ್ಯೂಟರ್ ಬಂದಿದ್ದ ನೀರಾವರಿ ಆಫೀಸಿನಲ್ಲಿ ಹೊಸ ಕಾಲಕ್ಕೆ ಎಲ್ಲರಿಗಿಂತ ಮೊದಲು ಹೊಂದಿಕೊಂಡವನು ತಾನೇ ಎಂದು ಹೇಳಿಕೊಳ್ಳುತ್ತಿದ್ದವ ಅವನು. ಆದರೂ ಕಣ್ಣು ಮುಚ್ಚಿದರೆ ಆ ಹೋರಿ ಕೂಗುತ್ತಿತ್ತು. ಹೆಂಡತಿಯನ್ನು ಕಳೆದುಕೊಳ್ಳುವ ಭಯ ಒಂದು ಕಡೆ, ಹೋರಿ ಇನ್ನೊಂದು ಕಡೆ. ನಡುವೆ ಅವನಿಗೆ ನಾಯಿ ಕಂಡಿತು.

“ಮೊದಲ ಹುಲಿಯಾಂದು ಮಾಡಸೋಣು,” ಎಂದ. “ಅದಾದ ಮ್ಯಾಲೂ ಅಂವಾ ಈಗಿನಂಗ ಗಂಡಸಾಗಿ ಉಳದ್ರ, ನಾನೂ ಹೋಗ್ತೇನಿ. ಮಾತಂದ್ರ ಮಾತು.”

ದ್ರಾಕ್ಷಾಯಿಣಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. “ಈಗಿನಂಗ ಉಳದ್ರ ಸಾಕಲ್ರಿ?”

“ಸಾಕು.”

“ಆತು ಬಿಡ್ರಿ,” ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು. ಇಷ್ಟು ಸುಲಭಕ್ಕೆ ಒಪ್ಪಿದಳಲ್ಲ ಎಂದು ಅವನಿಗೆ ಖುಷಿಯಾಯಿತು.

ಹುಲಿಯಾನನ್ನು ವರ್ಷದ ಹಿಂದೆ ಗಬ್ಬೂರ ಬೈಪಾಸಿನ ಚಹಾ ಅಂಗಡಿಯಿಂದ ತಂದಿದ್ದ. ಕುಕ್ಕರ್ ಸೀಟಿ ಹೊಡೆದರೆ ಅದು ಮಂಚದ ಕೆಳಗೆ. ಪಟಾಕಿ ಹಾರಿದರೆ ಬಚ್ಚಲಲ್ಲಿ. ಬಾಲವಂತೂ ಸದಾ ಹಿಂಗಾಲುಗಳ ನಡುವೆ ಗಟ್ಟಿಯಾಗಿ ಅಂಟಿರುತ್ತಿತ್ತು. ಆದರೆ ಒಂದು ದಿನ ಗಟಾರದ ಹಂದಿಯೊಂದು ದೊಡ್ಡ ಮಗಳ ಮೇಲೆ ನುಗ್ಗಿದಾಗ ಇದೇ ಹುಲಿಯಾ ನಡುಗುತ್ತಲೇ ಎದುರು ನಿಂತು ಹಂದಿಯನ್ನು ಓಡಿಸಿತ್ತು. ಅಂದಿನಿಂದ ಅಂಬರೀಷ ಓಣಿಯ ಕಟ್ಟೆಯಲ್ಲಿ ಅದರ ಪ್ರವರ ಹೇಳಿದ್ದೇ ಹೇಳಿದ್ದು. ಎಡಗಿವಿಯ ತುದಿ ಕತ್ತರಿಯಿಂದ ಕತ್ತರಿಸಿದಷ್ಟು ನೆಟ್ಟಗೆ ಹಾರಿಹೋಗಿತ್ತು. “ಹರೇದಾಗ ಜಗಳಾಡಿದ ಗುರ್ತು,” ಎನ್ನುತ್ತಿದ್ದ. ಓಣಿಯ ಹೆಣ್ಣುನಾಯಿಗಳ ಹಿಂದೆ ಉಳಿದವೆಲ್ಲ ಹಿಂಡುಗಟ್ಟಿದರೂ ಹುಲಿಯಾ ಕಣ್ಣೆತ್ತಿ ನೋಡುತ್ತಿರಲಿಲ್ಲ. “ಗಂಡಸಂದ್ರ ಹಿಂಗಿರ್ಬೇಕು. ನಡತಿ ನೋಡ್ರಿ.” ನಾಯಿಯ ಮೈ ತೊಳೆಯುವುದು, ಉಣ್ಣಿ ತೆಗೆಯುವುದು ದ್ರಾಕ್ಷಾಯಿಣಿಯ ಪಾಲು. ಹೊಗಳುವುದು ಅವನ ಪಾಲು.

ಹುಲಿಯಾನ ಆಪರೇಶನ್ ಮುಂದೆ ಹೋಯಿತು. ಬೇಸಿಗೆಯಲ್ಲಿ ಬಿಸಿಲು ಅಡ್ಡ ಬಂತು, ಮಳೆಗಾಲದಲ್ಲಿ ಗಾಯ ಮಾಯುವುದಿಲ್ಲ ಎಂದಾಯಿತು, ಶ್ರಾವಣದಲ್ಲಿ ಇಂಥದ್ದೆಲ್ಲ ಮಾಡಬಾರದು ಎಂದಾಯಿತು. ದ್ರಾಕ್ಷಾಯಿಣಿ ಒಮ್ಮೆಯೂ ತಕರಾರು ತೆಗೆಯಲಿಲ್ಲ. ಕಾರಣಗಳು ತೀರಿದ್ದರಿಂದಲೇ ಇವತ್ತು ಬಾಗಿಲಿಗೆ ಆಟೋ ಬಂದದ್ದು.

ಕೊನೆಗೆ ಇಬ್ಬರನ್ನೂ ಅವಳೇ ಎಬ್ಬಿಸಿ ಆಟೋ ಹತ್ತಿಸಿದಳು.

ದವಾಖಾನೆಯ ಮೇಜಿನ ಮೇಲೆ ಹುಲಿಯಾ ಅಂಬರೀಷನ ಕಂಕುಳಲ್ಲಿ ಮುಖ ಹುದುಗಿಸಿತು. ಅಂಬರೀಷ ಗೋಡೆಯ ಕಡೆ ಮುಖ ತಿರುಗಿಸಿದ. ಡಾಕ್ಟರ್ ಫಕೀರಪ್ಪ ಪ್ರಯಾಸದಿಂದ ಬಾಲ ಎತ್ತಿದರು, ಬಗ್ಗಿ ನೋಡಿದರು. ಆಮೇಲೆ ಕಿವಿ ಹಿಡಿದು ನೋಡಿದರು.

“ಇಲ್ಲೆ ತಗಿಯೂದು ಏನೂ ಉಳದಿಲ್ರಿ. ಬೀದಿ ನಾಯಿ ಹಿಡದು ಆಪರೇಶನ್ ಮಾಡಾವ್ರು ಗುರ್ತಿಗೆ ಅಂತ ಕಿವಿ ತುದಿ ಕತ್ತರಸ್ತಾರ. ನಿಮ್ಮನಿಗೆ ಬರೂಕಿಂತ ಮೊದಲ ಆಗೇತಿ ಇದು.”

ಅಂಬರೀಷ ಕಿವಿ ನೋಡಿದ. ವರ್ಷವಿಡೀ ಕಟ್ಟೆಯಲ್ಲಿ ಕೊಚ್ಚಿಕೊಂಡದ್ದೆಲ್ಲ ಒಂದೊಂದಾಗಿ ನೆನಪಾಯಿತು. ಹಂದಿ ಓಡಿಸಿದವನೂ ಇವನೇ. ನಡತೆಯವನೂ ಇವನೇ. ಗಂಡಸು ಎಂದರೆ ಹೀಗಿರಬೇಕು ಎಂದದ್ದು ಇವನಿಗೇ.

ಮರಳಿ ಬರುವಾಗ ಆಟೋದಲ್ಲಿ ಅವನ ಜಾಣತನ ಮತ್ತೆ ಕೆಲಸ ಮಾಡಿತು. ಇದನ್ನು ಮನೆಯಲ್ಲಿ ಹೇಳಿದರೆ ತಾನು ಕೆಟ್ಟಂತೆಯೇ. ಹೇಳದಿದ್ದರೆ ಇನ್ನೊಂದು ವರ್ಷ ಸಾಗುತ್ತದೆ.

ದ್ರಾಕ್ಷಾಯಿಣಿ ಹಿತ್ತಿಲಲ್ಲಿ ನೀರಿನ ಬಕೆಟ್ ಇಟ್ಟುಕೊಂಡು ಕುಳಿತಿದ್ದಳು. “ಏನಾತ್ರಿ?”

“ಆಗಲಿಲ್ಲ. ಹೆದರಿಕಿ ಸ್ವಭಾವ ಇದ್ದವ್ರಿಗೆ ಇದನ್ನ ಮಾಡಬಾರದಂತ. ಡಾಕ್ಟರ ಹೇಳಿದ್ರು.” ಮಾತು ಮುಗಿಯುವ ಮೊದಲೇ ಅವನಿಗೆ ನಾಚಿಕೆಯಾಯಿತು. ಹೆರಿಗೆಯಲ್ಲಿ ಬಿಳಿಚಿಕೊಂಡ ಅವಳ ಮುಖಕ್ಕೆ ಇನ್ನೂ ಬಣ್ಣ ಬಂದಿರಲಿಲ್ಲ.

ಹುಲಿಯಾ ತಾನಾಗಿಯೇ ಅವಳ ಹತ್ತಿರ ಹೋಗಿ, ದಿನದ ರೂಢಿಯಂತೆ, ಬಾಲ ಸಡಿಲಿಸಿ ಅಂಗಾತ ಮಲಗಿ ನಾಲ್ಕೂ ಕಾಲು ಮೇಲೆತ್ತಿತು. ದ್ರಾಕ್ಷಾಯಿಣಿ ಹೊಟ್ಟೆಯ ಮೇಲಿನ ಉಣ್ಣಿ ಹುಡುಕತೊಡಗಿದಳು.

“ಇವನ್ನ ತಂದ ದಿನಾನ ಜಳಕಾ ಮಾಡಿಸಿದಾಕಿ ನಾನರಿ,” ಎಂದಳು ತಲೆ ಎತ್ತದೆ, “ನಾಳೆ ಬರ್ತೀರಿ ಅಂತ ಅಬೀದಾ ಡಾಕ್ಟರಿಗೆ ಮುಂಜಾನೇನ ಹೇಳಿ ಕಳಿಸೇನಿ.”