ಗಡ್ಡದ ಗಾಯಕ

ಹತ್ತೂವರೆಗೆ ಬರಬೇಕಿದ್ದ ಮುಖ್ಯ ಅತಿಥಿ ಗಾಯಕ ಹನ್ನೊಂದಾದರೂ ಪತ್ತೆಯಿಲ್ಲ. ಮೊದಲ ಸಾಲಿನ ಜಾಝ್ ಪಂಡಿತರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅಂಥ ಗಾಯಕನೊಬ್ಬ ಭೂಮಿಯ ಮೇಲೆ ಇದ್ದಾನೆಯೇ ಎಂಬುದೇ ಅವರ ಅನುಮಾನ. ಇಂದು ಬಿಡುಗಡೆಯಾಗಬೇಕಿದ್ದ ಪುಸ್ತಕ ಬರೆದ ವಿಮರ್ಶಕರು ವೇದಿಕೆಯ ಮೇಲಿನಿಂದ ಮತ್ತೆ ಮತ್ತೆ ಬಾಗಿಲು ನೋಡುತ್ತಿದ್ದರು.

ಹತ್ತು ವರ್ಷ ಅವರು ಒಂದೇ ಒಂದು ಆಲ್ಬಮ್ಮಿಗೆ ಜೀವ ತೇಯ್ದಿದ್ದರು. ಹಳೆ ಸಾಮಾನಿನ ಅಂಗಡಿಯಲ್ಲಿ ಕವರಿಲ್ಲದೆ ಸಿಕ್ಕ ದೊಡ್ಡ ರೆಕಾರ್ಡು ಅದು. ನಡುವಿನ ಚೀಟಿ ಒದ್ದೆಯಾಗಿ ಕಿತ್ತುಬಂದು ತಂಡದ ಹೆಸರಷ್ಟೇ ಉಳಿದಿತ್ತು. ಜಾಝಿನವರು ಅದನ್ನು ರಾಕ್ ಎಂದು ತಳ್ಳಿದರು. ಕ್ಲಾಸಿಕ್ ರಾಕಿನವರು ಗಿಟಾರ್ ನಿದ್ದೆ ಹೊಡೆಯುತ್ತಿದೆ ಎಂದರು. ಇಪ್ಪತ್ತು ನಿಮಿಷದ ಹಾಡಿಗೂ ಜಗ್ಗದ ಪ್ರೋಗ್ರೆಸಿವ್ ರಾಕ್ ಮಂದಿಯೇ ಆಕಳಿಸಿದರು. ವಿಮರ್ಶಕರು ಮಾತ್ರ ಪಟ್ಟು ಬಿಡಲಿಲ್ಲ. ಎರಡು ಡ್ರಮ್ ಪೆಟ್ಟುಗಳ ನಡುವಿನ ಮೌನದ ಮೇಲೆಯೇ ಒಂದು ಅಧ್ಯಾಯ ಬರೆದರು. ಹಾಡಿದವನ ಭಾರವಾದ ಗಂಟಲಿಗೆ ಮೂರು ಅಧ್ಯಾಯ ಮೀಸಲು. ಹೆಂಡತಿ ಬಿಟ್ಟುಹೋದ ಗಂಡಸಿನ ಅಳು ಅದು ಎಂದು ಸಾಧಿಸಿದರು.

ಅವರ ಹೆಂಡತಿ ಒಮ್ಮೆ ಅಡುಗೆಮನೆಯಿಂದಲೇ, "ಆ ರೆಕಾರ್ಡ್ ಮೆಷಿನ್ ಸರಿಯಾಗಿದ್ಯಾ, ಒಂದ್ಸಲ ನೋಡಿ," ಎಂದಿದ್ದರು. ಸಂಗೀತಕ್ಕೆ ಕಿವಿ ಬೇಕು ಎಂದು ವಿಮರ್ಶಕರು ವಾರವಿಡೀ ಮುಖ ಊದಿಸಿಕೊಂಡಿದ್ದರು.

ಹಾಡಿದವರು ಭಾನುವಾರದ ಬಿಡುಗಡೆಗೆ ಬರಲಿ ಎಂದು ಪತ್ರಿಕೆಯಲ್ಲಿ ಕೊಟ್ಟ ಪ್ರಕಟಣೆಗೆ ಕೊನೆಗೂ ಒಂದು ಕಾರ್ಡು ಬಂತು: ಹಾಡಿದ್ದು ನಾನೇ, ಭಾನುವಾರ ಬರುತ್ತೇನೆ. ಅಷ್ಟರಲ್ಲಿ ಪುಸ್ತಕ ಅಚ್ಚಾಗಿತ್ತು. ಮುಖಪುಟದಲ್ಲಿ ಕಲಾವಿದನೊಬ್ಬ ಊಹಿಸಿ ಬರೆದ ಗಡ್ಡದ ಮುಖ, ಗುಳಿಬಿದ್ದ ಕಣ್ಣು. ಇಂದು ಗಾಯಕ ಎಲ್ಲರೆದುರು ಹೌದು ಎಂದರೆ ಹತ್ತು ವರ್ಷ ಸಾರ್ಥಕ. ಇಲ್ಲವಾದರೆ ನಗೆಪಾಟಲು.

ಬಾಗಿಲು ತೆರೆಯಿತು. ವಯಸ್ಸಾದ ದಂಪತಿ ಒಳಬಂದರು. ಯಜಮಾನರಿಗೆ ಗಡ್ಡವಿತ್ತು. ವಿಮರ್ಶಕರು ಕುಣಿಯುವುದೊಂದು ಬಾಕಿ. ಓಡಿಹೋಗಿ ಅಪ್ಪಿಕೊಂಡರು, ಕೈಹಿಡಿದು ಕರೆತಂದು ವೇದಿಕೆಯ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಜೊತೆಗಿದ್ದಾಕೆಗೆ ಕೆಳಗೆ ಮೂಲೆಯಲ್ಲೊಂದು ಸ್ಟೂಲು ಸಿಕ್ಕಿತು.

"ನಾನು ಸುಮ್ನೆ ಜೊತೆಗೆ ಬಂದೋನು," ಎಂದರು ಯಜಮಾನರು.

ಇಂಥ ವಿನಯ ಈ ಕಾಲದಲ್ಲಿ ಎಲ್ಲಿದೆ ಎಂದು ವಿಮರ್ಶಕರು ಮೈಕಿನಲ್ಲಿ ಕೊಂಡಾಡಿದರು. ರೆಕಾರ್ಡಿನ ಮೇಲೆ ಸೂಜಿ ಇಟ್ಟರು. ಸ್ಪೀಕರಿನಿಂದ ದುಃಖ ತೆವಳುತ್ತ ಹೊರಬಂತು. ಯಜಮಾನರ ಹುಬ್ಬು ಗಂಟಾಯಿತು. ಕೆಳಗೆ ಅವರ ಹೆಂಡತಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು, ಭುಜ ಕುಲುಕುತ್ತಿತ್ತು. ಹಳೆಯ ಸಂಕಟ ಉಕ್ಕಿಬಂದಿರಬೇಕು. ವಿಮರ್ಶಕರ ಕಣ್ಣೂ ತುಂಬಿತು. ಗೆದ್ದೆ ಅನ್ನಿಸಿತು.

ಆಕೆ ಎದ್ದು ವೇದಿಕೆ ಹತ್ತಿದರು. ಯಾರನ್ನೂ ಕೇಳದೆ ಮೆಷಿನ್ನಿನ ವೇಗದ ಗುಂಡಿಯನ್ನು ನಿಮಿಷಕ್ಕೆ ಮೂವತ್ತಮೂರು ಸುತ್ತಿನಿಂದ ನಲವತ್ತೈದಕ್ಕೆ ತಿರುಗಿಸಿದರು. ದೊಡ್ಡ ರೆಕಾರ್ಡೆಂದರೆ ಮೂವತ್ತಮೂರೇ ಎಂದು ನಂಬಿದ್ದ ವಿಮರ್ಶಕರು ಆ ಗುಂಡಿಯನ್ನು ಒಮ್ಮೆಯೂ ಮುಟ್ಟಿದವರಲ್ಲ. ಡ್ರಮ್ ನಾಗಾಲೋಟ ಕಿತ್ತಿತು. ಅದರ ಬೆನ್ನಿಗೇ ಒಂದು ಹುಡುಗಿಯ ದನಿ, ನಗು ತಡೆಯಲಾರದೆ, ಸಭಾಂಗಣವನ್ನೆಲ್ಲ ತುಂಬಿತು.

"ಇವರ ಜೊತೆ ಮದುವೆ ಗೊತ್ತಾದ ವಾರ ಹಾಡಿದ್ದು," ಎಂದರು ಆಕೆ, ಗಂಡನತ್ತ ಕೈ ತೋರಿಸಿ. "ಖುಷಿ ತಡೀಲಾರ್ದೆ."